ಓದಲು ಬಂದರೂ ಮಾತ್ರೆ ಚೀಟಿ ತಿಳಿಯದೇಕೆ: ನಿಮ್ಮೂರಿನ ಆರೋಗ್ಯ ತಿಳಿವಳಿಕೆ ಅಳೆಯುವ ಬಗೆ, ಅದಕ್ಕೆ ತಕ್ಕ ಹಾಗೆ ಹೇಳುವ ಬಗೆ

ಔಷಧಿ ಅಂಗಡಿಯವರು ಮಾತ್ರೆ ಹಾಳೆಯ ಹಿಂದೆ ಪೆನ್ನಿನಲ್ಲಿ "1-0-1" ಎಂದು ಗೀಚಿ ಕೊಡುತ್ತಾರೆ. ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು ಎಂದು ಅದರ ಅರ್ಥ. ನಾಲ್ಕನೇ ಕ್ಲಾಸು ಓದಿದವರೂ ಅದನ್ನು "ಒಂದು, ಸೊನ್ನೆ, ಒಂದು" ಎಂದು ತಪ್ಪಿಲ್ಲದೆ ಓದುತ್ತಾರೆ. ಓದಿ ಏನು ಮಾಡಬೇಕು ಎಂಬುದು ಮಾತ್ರ ಆ ಮೂರು ಅಂಕೆಗಳಲ್ಲಿ ಇಲ್ಲ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವವರಿಗೆ, ಚಳ್ಳಕೆರೆ ಕಡೆ ಶೇಂಗಾ ಕೀಳಲು ಹೋಗುವವರಿಗೆ ಎಷ್ಟೋ ದಿನ ಊಟವೇ ಎರಡು ಹೊತ್ತು: ಹತ್ತು ಗಂಟೆಗೊಂದು, ಕತ್ತಲಾದ ಮೇಲೊಂದು. ಅಂಥವರ ಕೈಯಲ್ಲಿ "1-1-1 ಊಟದ ನಂತರ" ಎಂಬ ಚೀಟಿ ದಿನಕ್ಕೆ ಎರಡೇ ಮಾತ್ರೆಯಾಗುತ್ತದೆ. ಇದನ್ನು ಅಸಡ್ಡೆ ಎನ್ನುವುದು ಅನ್ಯಾಯ. ಚೀಟಿ ಬರೆದವರ ದಿನವೇ ಬೇರೆ, ನುಂಗುವವರ ದಿನವೇ ಬೇರೆ.

ಆಶಾ ಕಾರ್ಯಕರ್ತೆಯರು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ, ಔಷಧಿ ಅಂಗಡಿಯವರು, ಗ್ರಾಮ ಆರೋಗ್ಯ ಸಮಿತಿಯವರು, ಮನೆಯಲ್ಲಿ ಅಪ್ಪ ಅವ್ವನ ಔಷಧಿ ನೋಡಿಕೊಳ್ಳುವ ಮಕ್ಕಳು, ಇವರಿಗಾಗಿ ಈ ಬರಹ. ವಯಸ್ಸು, ಓದು, ದುಡಿಮೆ, ಮನೆಮಾತು, ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದು ಆರೋಗ್ಯದ ತಿಳಿವಳಿಕೆಯನ್ನು ಹೇಗೆ ಬದಲಿಸುತ್ತವೆ ಎಂದು ನಿಮ್ಮ ಊರಲ್ಲೇ ಕಂಡುಕೊಳ್ಳುವುದು ಮೊದಲ ಕೆಲಸ. ಕಂಡದ್ದಕ್ಕೆ ತಕ್ಕ ಹಾಗೆ ಹೇಳುವ ರೀತಿ ಬದಲಿಸುವುದು ಎರಡನೆಯದು.

ಓದು ಬೇರೆ, ಆರೋಗ್ಯದ ತಿಳಿವಳಿಕೆ ಬೇರೆ

ಏಳು ವರ್ಷ ದಾಟಿದವರು ಯಾವುದಾದರೂ ಒಂದು ಭಾಷೆಯಲ್ಲಿ ಅರ್ಥವಾಗುವಂತೆ ಓದಿ ಬರೆದರೆ ಜನಗಣತಿ ಅವರನ್ನು ಸಾಕ್ಷರರು ಎಂದು ಎಣಿಸುತ್ತದೆ. ಆ ಲೆಕ್ಕದಲ್ಲಿ 2011ರಲ್ಲಿ ಚಿತ್ರದುರ್ಗ ಜಿಲ್ಲೆ ಶೇ. 74ರ ಸುಮಾರು, ದಾವಣಗೆರೆ ಶೇ. 76ರ ಸುಮಾರು ಇತ್ತು. ಎರಡೂ ಕಡೆ ಹೆಂಗಸರು ಗಂಡಸರಿಗಿಂತ ಹತ್ತು ಅಂಶಕ್ಕೂ ಹೆಚ್ಚು ಹಿಂದಿದ್ದರು. ಆರೋಗ್ಯ ಸಾಕ್ಷರತೆ ಎನ್ನುವುದರಲ್ಲಿ ನಾಲ್ಕು ಕೆಲಸ ಸೇರಿವೆ: ಬೇಕಾದ ಮಾಹಿತಿ ಹುಡುಕಿಕೊಳ್ಳುವುದು, ಅರ್ಥ ಮಾಡಿಕೊಳ್ಳುವುದು, ನಂಬಬಹುದೇ ಎಂದು ತೂಗಿ ನೋಡುವುದು, ತನ್ನ ಮನೆಯಲ್ಲಿ ಜಾರಿಗೆ ತರುವುದು. ಅಕ್ಷರ ಬಂದರೆ ಮೊದಲೆರಡಕ್ಕೆ ಸ್ವಲ್ಪ ಆಸರೆ ಸಿಗುತ್ತದೆ. ಕೊನೆಯದಕ್ಕೆ ದುಡ್ಡು, ಪುರುಸೊತ್ತು, ಮನೆಯವರ ಒಪ್ಪಿಗೆ ಬೇಕು.

2011ರಲ್ಲಿ ಯುರೋಪಿನ ಎಂಟು ದೇಶಗಳಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರ ಆರೋಗ್ಯ ಸಾಕ್ಷರತೆ ಸಾಲದು ಎಂದು ಕಂಡಿತು. ಓದು ಬರಹ ಬಾರದವರು ತೀರಾ ಕಡಿಮೆ ಇರುವ ದೇಶಗಳವು. ಅಲ್ಲಿ ಎಲ್ಲಕ್ಕಿಂತ ಬಲವಾಗಿ ಕಂಡ ಕಾರಣ ಕೈಯಲ್ಲಿ ಕಾಸಿಲ್ಲದಿರುವುದು. ಸಾಮಾಜಿಕ ಸ್ಥಾನ, ಓದು, ವಯಸ್ಸು ಅದರ ನಂತರ ಬಂದವು. "ನಮ್ಮ ಜನ ಓದಿಲ್ಲ, ಅದಕ್ಕೇ ಹೀಗೆ" ಎಂದು ಕೈತೊಳೆದುಕೊಳ್ಳುವವರು ಇದನ್ನು ಮರೆಯಬಾರದು.

ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. ಇಂಗ್ಲಿಷಿನಲ್ಲಿ ಆರೋಗ್ಯ ಸಾಕ್ಷರತೆ ಅಳೆಯಲು ಕಾಯಿಲೆ, ಔಷಧಿ, ಮೈಯ ಭಾಗಗಳಿಗೆ ಸೇರಿದ ಪದಗಳ ಪಟ್ಟಿ ಕೊಟ್ಟು ಜೋರಾಗಿ ಓದಿಸುವ ಪರೀಕ್ಷೆಯಿದೆ. 66 ಪದಗಳ ಒಂದು ಪಟ್ಟಿ ಅದರಲ್ಲಿ ಹೆಸರುವಾಸಿ. ಇಂಗ್ಲಿಷ್ ಪದವನ್ನು ಸರಿಯಾಗಿ ಉಚ್ಚರಿಸಬೇಕಾದರೆ ಅದನ್ನು ಮೊದಲೇ ಕೇಳಿ ಗೊತ್ತಿರಬೇಕು, ಹಾಗಾಗಿ ಅಲ್ಲಿ ಆ ಪರೀಕ್ಷೆ ನಡೆಯುತ್ತದೆ. ನಮ್ಮಲ್ಲಿ ಬರೆದಂತೆಯೇ ಓದು. ಅಕ್ಷರಮಾಲೆ, ಕಾಗುಣಿತ, ಒತ್ತಕ್ಷರ ಬಂದ ಹುಡುಗ "ಅಧಿಕ ರಕ್ತದೊತ್ತಡ" ಎಂದು ಗಡಗಡ ಓದುತ್ತಾನೆ, ಅದು ಅಜ್ಜನ ಬಿ.ಪಿ. ಎಂದು ಅವನಿಗೆ ಹೊಳೆಯುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಓದಿಸಿ ಅಳೆಯಬೇಡಿ, ಮಾಡಿಸಿ ಅಳೆಯಿರಿ.

ಚೀಲದಲ್ಲಿ ಏನಿರಬೇಕು

ಅಳೆಯಲು ಮನೆ ಮನೆಗೆ ಹೋಗುವಾಗ ಇವು ಜೊತೆಗಿರಲಿ. ಹತ್ತು ಮಾತ್ರೆಯ ಒಂದು ಹಾಳೆ. ಅವಧಿ ಮುಗಿದದ್ದೊಂದು, ಮುಗಿಯದ್ದೊಂದು ಖಾಲಿ ಹಾಳೆ. ಭೇದಿಯಾದಾಗ ಒಂದು ಲೀಟರ್ ನೀರಿಗೆ ಕಲಸಿ ಕುಡಿಸುವ ಓಆರ್‌ಎಸ್ ಪೊಟ್ಟಣ, ತೂಕ 20.5 ಗ್ರಾಂ, ಮಿಲಿ ಗೆರೆಗಳಿರುವ ಸಿರಪ್ ಮುಚ್ಚಳ, ಒಂದು ಲೀಟರಿನ ನೀರಿನ ಬಾಟಲಿ. ಇಷ್ಟು ಸಾಕು. ಎಲ್ಲವೂ ಜನ ದಿನಾ ಮುಟ್ಟುವ ವಸ್ತುಗಳಾಗಿರಲಿ. ಚಿತ್ರಪಟ ತೋರಿಸಿದರೆ ಜನ ಪರೀಕ್ಷೆಗೆ ಕೂತವರಂತೆ ಮುದುಡಿಕೊಳ್ಳುತ್ತಾರೆ.

ಶುರು ಮಾಡುವ ಮೊದಲು ಕಣ್ಣು ಕಾಣುತ್ತದೆಯೇ ತಿಳಿದುಕೊಳ್ಳಿ. ನಲವತ್ತು ದಾಟಿದ ಮೇಲೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. "ಅಜ್ಜಿ, ಅಕ್ಕಿ ಹಸನು ಮಾಡೋಕೆ ಕಣ್ಣು ಕಾಣ್ತಾವಾ?" ಎಂದರೆ ನಿಜವಾದ ಉತ್ತರ ಬರುತ್ತದೆ. ಕಾಣದಿದ್ದರೆ ಅದು ಕನ್ನಡಕದ ತೊಂದರೆ ಅಥವಾ ಪೊರೆ, ತಿಳಿವಳಿಕೆಯ ಕೊರತೆಯಲ್ಲ, ಬೇರೆಯಾಗಿ ಬರೆದುಕೊಳ್ಳಿ. ಕಿವಿಯದೂ ಹಾಗೆಯೇ.

ಮಾಡಿಸಬೇಕಾದ ಕೆಲಸ ಐದು.

1. ಹತ್ತು ಮಾತ್ರೆಯ ಹಾಳೆ ಕೊಟ್ಟು, ಹಿಂದೆ 1-0-1 ಎಂದು ಬರೆದದ್ದನ್ನು ತೋರಿಸಿ: "ಸೋಮವಾರ ರಾತ್ರಿಯಿಂದ ಶುರು ಮಾಡಿದರೆ ಕೊನೆಯ ಮಾತ್ರೆ ಯಾವತ್ತು?" ಸೋಮವಾರ ಒಂದು, ಮಂಗಳವಾರದಿಂದ ಶುಕ್ರವಾರದವರೆಗೆ ಎಂಟು, ಶನಿವಾರ ಬೆಳಿಗ್ಗೆ ಹತ್ತನೆಯದು. ದಿನಕ್ಕೆ ಎರಡು ಎಂದು ತಿಳಿದರೆ 1 ಅಂಕ, ದಿನವೂ ಸರಿ ಬಂದರೆ 2.

2. ಎರಡು ಖಾಲಿ ಹಾಳೆ ಕೊಟ್ಟು "ಇವೆರಡರಲ್ಲಿ ನುಂಗಬಾರದ್ದು ಯಾವುದು?" ಎಂದು ಕೇಳಿ. ತಾರೀಕು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದರೆ 1, ಸರಿಯಾದ ಹಾಳೆ ಬದಿಗಿಟ್ಟರೆ 2. ತಯಾರಾದ ತಿಂಗಳನ್ನೇ ಮುಗಿಯುವ ತಿಂಗಳು ಎಂದುಕೊಳ್ಳುವುದು ಇಲ್ಲಿ ಆಗುವ ಮುಖ್ಯ ತಪ್ಪು.

3. ಓಆರ್‌ಎಸ್ ಪೊಟ್ಟಣ ಕೊಟ್ಟು, ಅವರ ಮನೆಯ ಪಾತ್ರೆಯಲ್ಲೇ ಎಷ್ಟು ನೀರಿಗೆ ಕಲಸುತ್ತೀರಿ ಎಂದು ಕೇಳಿ. ನೀರು ತುಂಬಿಸಿ ತೋರಿಸಲಿ, ನೀವು ಬಾಟಲಿಯಿಂದ ಅಳೆಯಿರಿ. ಪೂರ್ತಿ ಪೊಟ್ಟಣ ಎಂದರೆ 1, ನೀರೂ ಲೀಟರಿಗೆ ಹತ್ತಿರವಿದ್ದರೆ 2.

4. ಸಿರಪ್ ಮುಚ್ಚಳದಲ್ಲಿ ಎರಡೂವರೆ ಮಿಲಿಯ ಗೆರೆ ತೋರಿಸಲು ಹೇಳಿ. ಗೆರೆ ಗೊತ್ತಿದ್ದರೆ 1, ಅಷ್ಟೇ ನೀರು ಹಾಕಿ ತೋರಿಸಿದರೆ 2.

5. ಬಾಯಿಮಾತಿನಲ್ಲಿ ಹೇಳಿ: "ನಾಡಿದ್ದು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಪರೀಕ್ಷೆಗೆ ಬರಬೇಕು." ಆಮೇಲೆ ಯಾವ ವಾರ ಬರುತ್ತೀರಿ, ಬರುವ ಮುಂಚೆ ಏನು ಕುಡಿಯಬಹುದು ಎಂದು ಕೇಳಿ. ವಾರಕ್ಕೆ 1, ನೀರು ಮಾತ್ರ ಎಂದರೆ ಇನ್ನೊಂದು.

1, 2, 4ಕ್ಕೆ ಅಕ್ಷರ ಅಥವಾ ಅಂಕೆ ಬೇಕು. 3, 5ಕ್ಕೆ ಬೇಡ. ಈ ಎರಡು ಗುಂಪಿನ ಅಂಕ ಬೇರೆ ಬೇರೆ ಇಡುವುದೇ ಈ ಅಳತೆಯ ಜೀವಾಳ. ಓದು ಬಾರದ ಅಜ್ಜಿ 3 ಮತ್ತು 5ರಲ್ಲಿ ಪೂರ್ತಿ ಅಂಕ ತೆಗೆದರೆ ಅವರಿಗೆ ಚೀಟಿ ಬೇಡ, ಬಾಯಲ್ಲಿ ಹೇಳಿದರೆ ನಡೆಯುತ್ತದೆ. ಪಿ.ಯು.ಸಿ. ಮುಗಿಸಿದ ಹುಡುಗ 1, 2, 4ರಲ್ಲಿ ಗೆದ್ದು 3, 5ರಲ್ಲಿ ಸೋತರೆ ಅವನಿಗೆ ಯಾರೂ ಕೂರಿಸಿಕೊಂಡು ಹೇಳಿಲ್ಲ ಎಂದರ್ಥ. ಇದು ಕೆಲಸಕ್ಕೆಂದು ಮಾಡಿಕೊಂಡ ಅಳತೆ. ಇದರ ಅಂಕವನ್ನು ಬೇರೆ ಊರಿನ ಸಮೀಕ್ಷೆಯ ಜೊತೆ ಹೋಲಿಸಲು ಬರುವುದಿಲ್ಲ.

ಯಾರ ಮನೆಗೆ, ಯಾವ ಹೊತ್ತಿಗೆ

ಒಬ್ಬ ಆಶಾ ಕಾರ್ಯಕರ್ತೆಗೆ ಸುಮಾರು ಸಾವಿರ ಜನ, ಅಂದರೆ ಇನ್ನೂರರ ಆಸುಪಾಸು ಮನೆ. ಐದು ಮನೆಗೊಂದರಂತೆ ಹೋದರೆ 40 ಮನೆಯಾಗುತ್ತದೆ. ಪ್ರತಿ ಮನೆಯಲ್ಲಿ 18 ದಾಟಿದವರ ಹೆಸರನ್ನು ಚೀಟಿಗಳಲ್ಲಿ ಬರೆದು ಮಗುವಿನ ಕೈಯಲ್ಲಿ ಒಂದು ಎತ್ತಿಸಿ, ಅವರನ್ನೇ ಮಾತಾಡಿಸಿ. ಎದುರಿಗೆ ಬಂದವರನ್ನೇ ಕೇಳುತ್ತ ಹೋದರೆ ಚುರುಕಾಗಿ ಮಾತಾಡುವವರು ಮಾತ್ರ ಲೆಕ್ಕಕ್ಕೆ ಬರುತ್ತಾರೆ, ಒಳಮನೆಯಲ್ಲಿ ಉಳಿಯುವ ಸೊಸೆ ಬರುವುದೇ ಇಲ್ಲ.

ಹಗಲು ಹನ್ನೊಂದಕ್ಕೆ ಹೋಗಬೇಡಿ. ಮೆಕ್ಕೆಜೋಳ ಮುರಿಯುವಾಗ, ಶೇಂಗಾ ಕೀಳುವಾಗ ಊರಲ್ಲಿ ಉಳಿಯುವವರು ಮುದುಕರು, ಬಾಣಂತಿಯರು, ಜ್ವರ ಬಂದವರು ಅಷ್ಟೇ. ಆ ಹೊತ್ತಿನ ಸಮೀಕ್ಷೆಯಲ್ಲಿ ಇಡೀ ಊರಿಗೆ ಏನೂ ತಿಳಿಯದು ಎಂಬ ಸುಳ್ಳು ಚಿತ್ರ ಮೂಡುತ್ತದೆ. ಬೆಳಿಗ್ಗೆ ಏಳರೊಳಗೆ ಅಥವಾ ಸಂಜೆ ದೀಪ ಹಚ್ಚಿದ ಮೇಲೆ ಹೋಗಿ. ಬೀಗ ಹಾಕಿದ ಮನೆಗೆ ಇನ್ನೆರಡು ಸಲ ಹೋಗಿ, ಆಗಲೂ ಇಲ್ಲದಿದ್ದರೆ "ಇಲ್ಲ" ಎಂದೇ ಬರೆಯಿರಿ. ಪಕ್ಕದ ಮನೆಯವರನ್ನು ಬದಲಿಗೆ ಸೇರಿಸಬೇಡಿ. ಕೂಲಿಗೆ ಹೋಗುವ ಮನೆ ಬಿಟ್ಟು ಮನೆಯಲ್ಲೇ ಇರುವವರನ್ನು ಸೇರಿಸಿದರೆ, ನೀವು ತಿಳಿಯಬೇಕಿದ್ದ ಸಂಗತಿಯೇ ಕೈತಪ್ಪುತ್ತದೆ.

ಒಪ್ಪಿಗೆ ಕೇಳಿ, ಹೆಸರು ಬರೆಯಬೇಡಿ, ಮನೆಗೊಂದು ಅಂಕೆ ಕೊಡಿ. ಒಬ್ಬರಿಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಹಿಡಿಯಬಾರದು. ತಪ್ಪು ಮಾಡಿದ ಕೆಲಸವನ್ನು ಎಲ್ಲ ಮುಗಿದ ಮೇಲೆ ಸರಿಪಡಿಸಿ ತೋರಿಸಿಯೇ ಎದ್ದು ಬನ್ನಿ. ಪೂರ್ತಿ ಪೊಟ್ಟಣವನ್ನು ಒಂದೇ ಲೋಟಕ್ಕೆ ಹಾಕುತ್ತೇನೆ ಎಂದವರನ್ನು ಹಾಗೇ ಬಿಟ್ಟು ಬರುವುದು ತಪ್ಪು.

ಜೊತೆಗೆ ಇಷ್ಟು ಬರೆದುಕೊಳ್ಳಿ. ವಯಸ್ಸು: ಹಿರಿಯರಿಗೆ ಇಸವಿ ನೆನಪಿರದು, "ದಾವಣಗೆರೆ ಬೇರೆ ಜಿಲ್ಲೆ ಆದಾಗ ನಿಮ್ಮ ದೊಡ್ಡ ಮಗ ಎಷ್ಟನೇ ಕ್ಲಾಸು?" ಎಂದು ಕೇಳಿದರೆ 1997ರಿಂದ ಹಿಂದೆ ಎಣಿಸಬಹುದು. ಓದು: ಎಷ್ಟನೇ ಕ್ಲಾಸು ಎಂಬುದರ ಜೊತೆಗೆ ಈಗಲೂ ಏನಾದರೂ ಓದುತ್ತಾರೆಯೇ ಎಂದು ಕೇಳಿ. ಮೂವತ್ತು ವರ್ಷ ಪುಸ್ತಕ ಮುಟ್ಟದವರಿಗೆ ಏಳನೇ ಕ್ಲಾಸಿನ ಓದು ಅರ್ಧ ಮರೆತಿರುತ್ತದೆ. ಮನೆಯಲ್ಲಿ ಆಡುವ ಮಾತು. ದುಡಿಮೆ ದಿನಗೂಲಿಯೇ, ಸಂಬಳದ್ದೇ. ಫೋನ್ ಯಾರ ಕೈಯಲ್ಲಿ ಇರುತ್ತದೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯೋ ಬಿ.ಪಿ.ಯೋ ಇದೆಯೇ, ಎಷ್ಟು ವರ್ಷದಿಂದ. ಕೊನೆಗೆ, ಆಸ್ಪತ್ರೆಗೆ ಹೋಗುವುದನ್ನು ತೀರ್ಮಾನಿಸುವವರು ಯಾರು. ಈ ಕೊನೆಯ ಪ್ರಶ್ನೆಯನ್ನು ಗಂಡ ಅಥವಾ ಅತ್ತೆ ಎದುರಿಗಿರುವಾಗ ಕೇಳಬೇಡಿ.

ಲೆಕ್ಕ ನೋಡುವಾಗ ಮೋಸ ಹೋಗುವ ಜಾಗ

ವಯಸ್ಸು ಮತ್ತು ಓದು ನಮ್ಮ ಕಡೆ ಒಂದಕ್ಕೊಂದು ಅಂಟಿಕೊಂಡಿವೆ. ಅರವತ್ತು ದಾಟಿದ ಹೆಂಗಸರಲ್ಲಿ ಶಾಲೆ ಕಂಡವರು ಕಡಿಮೆ, ಇಪ್ಪತ್ತೈದರ ಕೆಳಗೆ ಹೆಚ್ಚು. ಹಾಗಾಗಿ "ವಯಸ್ಸಾದವರ ಅಂಕ ಕಡಿಮೆ" ಎಂದು ಕಂಡಾಗ ಅದು ವಯಸ್ಸಿನ ಕೆಲಸವೋ ಓದಿಲ್ಲದ್ದರ ಕೆಲಸವೋ ಎಂದು ಬಿಡಿಸಬೇಕು. ಒಂದು ಹಾಳೆಯಲ್ಲಿ ಅಡ್ಡ ಓದು, ಉದ್ದ ವಯಸ್ಸು ಹಾಕಿ ಚೌಕ ಮಾಡಿ: ಓದಿಲ್ಲದವರು, 7ರವರೆಗೆ, 8ರ ಮೇಲೆ, 40ರ ಕೆಳಗೆ, 40ರಿಂದ 59, 60ರ ಮೇಲೆ. ಪ್ರತಿಯೊಬ್ಬರ ಅಂಕವನ್ನೂ ಅವರ ಚೌಕದಲ್ಲಿ ಬರೆಯಿರಿ. ಈಗ ಒಂದೇ ಓದಿನ ಸಾಲಿನಲ್ಲಿ ವಯಸ್ಸು ಹೆಚ್ಚಿದಂತೆ ಅಂಕ ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ ವಯಸ್ಸನ್ನು ದೂರಬೇಡಿ. ಹೆಣ್ಣು ಗಂಡಿನ ಲೆಕ್ಕವೂ ಹೀಗೇ: ಓದು ಸಮವಿದ್ದಾಗಲೂ ವ್ಯತ್ಯಾಸ ಉಳಿಯುತ್ತದೆಯೇ? ಎಷ್ಟೋ ವಿಷಯದಲ್ಲಿ, ಮುಖ್ಯವಾಗಿ ಓಆರ್‌ಎಸ್‌ನಲ್ಲಿ, ಮಕ್ಕಳ ತಾಯಂದಿರೇ ಮುಂದಿದ್ದರೆ ಅಚ್ಚರಿಪಡಬೇಡಿ. ಅಂಗನವಾಡಿಯಲ್ಲಿ ಕೇಳಿಸಿಕೊಂಡಿರುವವರು ಅವರು.

40 ಮನೆಯನ್ನು ಒಂಬತ್ತು ಚೌಕಕ್ಕೆ ಹಂಚಿದರೆ ಕೆಲವು ಚೌಕದಲ್ಲಿ ಇಬ್ಬರೇ ಇರುತ್ತಾರೆ. ಹತ್ತು ಜನ ಇಲ್ಲದ ಕಡೆ ಶೇಕಡಾ ಲೆಕ್ಕ ಹಾಕಬೇಡಿ, "ಮೂವರಲ್ಲಿ ಇಬ್ಬರು" ಎಂದೇ ಬರೆಯಿರಿ. ನಾಲ್ಕೈದು ಆಶಾ ಕಾರ್ಯಕರ್ತೆಯರು ಒಂದೇ ರೀತಿ ಮಾಡಿ ಒಟ್ಟು ಸೇರಿಸಿದರೆ ಚೌಕಗಳು ತುಂಬುತ್ತವೆ.

ಇನ್ನೊಂದು ಮೋಸವಿದೆ. ಕಾಯಿಲೆ ಹಳೆಯದಾದಷ್ಟೂ ತಿಳಿವಳಿಕೆ ಹೆಚ್ಚಿರುವಂತೆ ಕಾಣುತ್ತದೆ. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇರುವವರು ಮಾತ್ರೆಯ ಹೆಸರು, ಬಣ್ಣ, ಬೆಲೆ ಎಲ್ಲ ಹೇಳುತ್ತಾರೆ. ಅದು ಆ ಒಂದು ಕಾಯಿಲೆಯ ತಿಳಿವಳಿಕೆ. ಅವರನ್ನು ಓಆರ್‌ಎಸ್ ಬಗ್ಗೆ ಕೇಳಿ ನೋಡಿ.

ಎಲ್ಲಿ ಏನು ತಪ್ಪುತ್ತದೆ, ಹೇಗೆ ಹೇಳಬೇಕು

ಮೊದಲು ಮಾತು. ನಮ್ಮ ಭಿತ್ತಿಪತ್ರಗಳ ಕನ್ನಡ ಯಾರ ಮನೆಯಲ್ಲೂ ಆಡುವುದಲ್ಲ. ಮಧುಮೇಹ ಅಂದರೆ ಶುಗರ್, ರಕ್ತಹೀನತೆ ಅಂದರೆ ರಕ್ತ ಕಡಿಮೆ ಆಗಿದೆ, ಅತಿಸಾರ ಅಂದರೆ ಭೇದಿ, ಪಾರ್ಶ್ವವಾಯು ಅಂದರೆ ಲಕ್ವ. ಮನೆಮಾತೇ ಮುಂದೆ ಬರಲಿ, ಪುಸ್ತಕದ ಮಾತು ಬೇಕಿದ್ದರೆ ಹಿಂದೆ ಬರಲಿ. "ಪಾಸಿಟಿವ್ ಬಂದಿದೆ" ಎಂದರೆ ಒಳ್ಳೆಯದಾಯಿತು ಎಂದುಕೊಳ್ಳುವವರಿದ್ದಾರೆ, "ಕಾಯಿಲೆ ಇದೆ ಅಂತ ಬಂದಿದೆ" ಎನ್ನಿ. "ಬಿ.ಪಿ. ನಾರ್ಮಲ್ ಆಗಿದೆ" ಎಂಬ ಮಾತು ಮಾತ್ರೆ ಬಿಡಿಸುತ್ತದೆ. ಅದರ ಬದಲು "ಮಾತ್ರೆ ನುಂಗುತ್ತಿರೋದರಿಂದ ಬಿ.ಪಿ. ಹತೋಟಿಯಲ್ಲಿದೆ, ನಿಲ್ಲಿಸಿದರೆ ಮತ್ತೆ ಏರುತ್ತೆ" ಎಂದು ಪೂರ್ತಿ ಹೇಳಿ.

"ಊಟ ಮಾಡದೆ ಬನ್ನಿ" ಎಂಬುದು ಇನ್ನೊಂದು ಬಲೆ. ಚಹಾ ಊಟವಲ್ಲ, ಒಂದು ಹಿಡಿ ಮಂಡಕ್ಕಿ ಊಟವಲ್ಲ, ಎಲೆ ಅಡಿಕೆಯಂತೂ ಲೆಕ್ಕಕ್ಕೇ ಇಲ್ಲ. ಎಲ್ಲ ಮುಗಿಸಿ ಬಂದು "ಊಟ ಮಾಡಿಲ್ಲ ರೀ" ಎನ್ನುವವರು ಸುಳ್ಳು ಹೇಳುತ್ತಿಲ್ಲ. ಹೇಳಬೇಕಾದ್ದು ಹೀಗೆ: "ರಾತ್ರಿ ಉಂಡ ಮೇಲೆ ಬರೀ ನೀರು. ಬೆಳಿಗ್ಗೆ ಚಹಾನೂ ಬೇಡ, ಎಲೆ ಅಡಿಕೆನೂ ಬೇಡ. ರಕ್ತ ಕೊಟ್ಟ ಮೇಲೆ ಕುಡೀರಿ." ಎಂಟು ಗಂಟೆಯಾದರೂ ಹೊಟ್ಟೆ ಖಾಲಿ ಇರಬೇಕು. ಊಟದ ನಂತರದ ಪರೀಕ್ಷೆಗೆ ಎರಡು ಗಂಟೆಯನ್ನು ಮೊದಲ ತುತ್ತಿನಿಂದ ಎಣಿಸಬೇಕು ಎಂದೂ ಹೇಳಿ, ಇಲ್ಲದಿದ್ದರೆ ಕೈ ತೊಳೆದ ಹೊತ್ತಿನಿಂದ ಎಣಿಸುತ್ತಾರೆ.

ದಿನದ ಲೆಕ್ಕವೂ ಹೀಗೇ ಕೈಕೊಡುತ್ತದೆ. "ಎಂಟು ದಿನ ಬಿಟ್ಟು ಬನ್ನಿ" ಎಂದರೆ ನಮ್ಮ ಮಾತಿನಲ್ಲಿ ಒಂದು ವಾರ. ಕೆಲವರಿಗೆ ನಿಜವಾಗಿಯೂ ಎಂಟು ದಿನ ಕಳೆದ ಮೇಲೆ. ವಾರದ ಹೆಸರು ಹೇಳಿ: "ಮುಂದಿನ ಗುರುವಾರ, ಸಂತೆಯ ಮಾರನೇ ದಿನ." ಕೂಲಿ ಹೋಗುವ ದಿನ ಬೇಡ ಎಂದರೆ ಸಂತೆಯ ದಿನವನ್ನೇ ಕೊಡಿ, ಹೇಗೂ ಆಸ್ಪತ್ರೆ ಇರುವ ಊರಿಗೆ ಬಂದಿರುತ್ತಾರೆ.

ಬಡತನದ ವಿಷಯದಲ್ಲಿ ತಿಳಿವಳಿಕೆ ಇದ್ದೂ ಕೈಕಟ್ಟಿರುತ್ತದೆ. "ದಿನಾ ಹಣ್ಣು, ಮೊಳಕೆ ಕಾಳು" ಎಂಬ ಸಲಹೆ ದಿನಗೂಲಿಯ ಮನೆಯಲ್ಲಿ ನಡೆಯದು, ನಡೆಯದ ಸಲಹೆ ಕೊಟ್ಟವರ ಉಳಿದ ಮಾತಿಗೂ ಬೆಲೆ ಹೋಗುತ್ತದೆ. ಶೇಂಗಾ, ಹುರುಳಿಕಾಳು, ನುಗ್ಗೆಸೊಪ್ಪು, ಮನೆಯಲ್ಲಿ ಇರುವುದರಿಂದಲೇ ಶುರು ಮಾಡಿ. ಸಕ್ಕರೆ ಕಾಯಿಲೆಯವರಿಗೆ "ಅನ್ನ ಬಿಡಿ, ಮುದ್ದೆ ಉಣ್ಣಿ" ಎಂದು ಹೇಳಿ ಸುಮ್ಮನಾಗಬೇಡಿ. ನೂರು ಗ್ರಾಂ ರಾಗಿಯಲ್ಲೂ 70 ಗ್ರಾಂ ಆಸುಪಾಸು ಪಿಷ್ಟವೇ ಇರುತ್ತದೆ. ಮುದ್ದೆ ಎಷ್ಟು ಉಂಡರೂ ಸಕ್ಕರೆ ಏರದು ಎಂದು ನಂಬಿ ಎರಡರ ಜಾಗದಲ್ಲಿ ಮೂರು ಉಂಡವರಿಗೆ ಸಕ್ಕರೆ ಇಳಿಯುವುದಿಲ್ಲ. ಮುದ್ದೆಯ ಗಾತ್ರವನ್ನು ಅವರ ಕೈಯಲ್ಲೇ ಹಿಡಿದು ತೋರಿಸಿ, ಸೊಪ್ಪು ಕಾಳಿನ ಸಾರು ಹೆಚ್ಚು ಮಾಡಿಸಿ.

ಓಆರ್‌ಎಸ್ ಕಲಸುವುದನ್ನು ಕೈಯಲ್ಲೇ ಮಾಡಿಸಬೇಕು. ಒಬ್ಬರ ಮನೆಯ ಚೊಂಬು ಮುಕ್ಕಾಲು ಲೀಟರ್, ಇನ್ನೊಬ್ಬರದು ಒಂದೂವರೆ. ಬಿಸಾಡಿದ ಒಂದು ಲೀಟರಿನ ನೀರಿನ ಬಾಟಲಿ ಎಲ್ಲ ಊರಲ್ಲೂ ಸಿಗುತ್ತದೆ, ಅದನ್ನು ತೊಳೆದು ಅಳತೆಗೆ ಇಡಿಸಿ. ಪೂರ್ತಿ ಪೊಟ್ಟಣ, ಪೂರ್ತಿ ಬಾಟಲಿ. ನೀರು ಕಡಿಮೆಯಾದರೆ ಉಪ್ಪು ಗಟ್ಟಿಯಾಗಿ ಮಗುವಿಗೆ ಅಪಾಯ, ಹೆಚ್ಚಾದರೆ ಉಪಯೋಗ ಕಡಿಮೆ. ಅರ್ಧ ಪೊಟ್ಟಣ ಇವತ್ತು, ಅರ್ಧ ನಾಳೆ ಎಂದು ಉಳಿಸುವವರು ದುಡ್ಡು ಉಳಿಸಲು ಹಾಗೆ ಮಾಡುತ್ತಾರೆ. ಕಲಸಿದ್ದನ್ನು 24 ಗಂಟೆಯ ಮೇಲೆ ಇಡಬಾರದು, ಪೊಟ್ಟಣ ಅಂಗನವಾಡಿಯಲ್ಲಿ, ಆಶಾ ಹತ್ತಿರ ಪುಕ್ಕಟೆ ಸಿಗುತ್ತದೆ ಎಂಬೆರಡನ್ನೂ ಒಟ್ಟಿಗೆ ಹೇಳಿ. ಅಂಗಡಿಯಲ್ಲಿ 200 ಮಿಲಿಗೆ ಕಲಸುವ ಸಣ್ಣ ಪೊಟ್ಟಣವೂ ಇದೆ, ಅದನ್ನು ಲೀಟರಿಗೆ ಹಾಕಿದರೆ ಬರೀ ನೀರು ಕುಡಿಸಿದಂತೆ. ಜೊತೆಗೆ ಝಿಂಕ್ ಮಾತ್ರೆ 14 ದಿನ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಗ್ರಾಂ, ಎರಡರಿಂದ ಆರು ತಿಂಗಳವರೆಗೆ 10. ಭೇದಿ ಮೂರನೇ ದಿನಕ್ಕೆ ನಿಂತರೂ ಝಿಂಕ್ ನಿಲ್ಲಿಸಬಾರದು.

ಮಕ್ಕಳ ಜ್ವರದ ಔಷಧಿಯಲ್ಲಿ ಓದಿದವರೂ ಎಡವುತ್ತಾರೆ. ಪ್ಯಾರಾಸಿಟಮಾಲ್ ಹನಿ ಬಾಟಲಿಯಲ್ಲಿ ಒಂದು ಮಿಲಿಗೆ 100 ಮಿಗ್ರಾಂ ಇರುತ್ತದೆ. ಸಿರಪ್ಪಿನಲ್ಲಿ 5 ಮಿಲಿಗೆ 125 ಅಥವಾ 250. ಹನಿಯ ಬಾಟಲಿಯನ್ನು ಸಿರಪ್ ಎಂದುಕೊಂಡು 5 ಮಿಲಿ ಹಾಕಿದರೆ 500 ಮಿಗ್ರಾಂ ಹೋಗುತ್ತದೆ, 125ರ ನಾಲ್ಕು ಪಟ್ಟು. ಎರಡೂ ಬಾಟಲಿ ಒಟ್ಟಿಗೆ ಹಿಡಿದು ತೋರಿಸಿ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಎಚ್ಚರಿಕೆ ಬೇಕು: ಸೀಸೆಯ ಮೇಲೆ 40 ಎಂದಿದ್ದರೆ ಕೆಂಪು ಮುಚ್ಚಳದ ಸಿರಿಂಜು, 100 ಎಂದಿದ್ದರೆ ಕಿತ್ತಳೆ ಮುಚ್ಚಳದ್ದು. 100ರ ಔಷಧಿಯನ್ನು ಕೆಂಪಿನಲ್ಲಿ ಎಳೆದರೆ ಎರಡೂವರೆ ಪಟ್ಟು ಹೋಗಿ ಸಕ್ಕರೆ ಕುಸಿಯುತ್ತದೆ.

ಓದಿದವರ ಇನ್ನೊಂದು ತೊಂದರೆ ತೂಗಿ ನೋಡುವುದರಲ್ಲಿ ಬರುತ್ತದೆ. ವಾಟ್ಸ್ಆಪಿನಲ್ಲಿ ಬಂದದ್ದನ್ನು ಮನೆಮಂದಿಗೆಲ್ಲ ಓದಿ ಹೇಳುವವರು ಅವರೇ. ಅವರಿಗೆ ಮೂರು ಪ್ರಶ್ನೆ ಕಲಿಸಿ: ಇದನ್ನು ಹೇಳಿದವರು ಯಾರು, ಏನಾದರೂ ಮಾರುತ್ತಿದ್ದಾರೆಯೇ, ನುಂಗುತ್ತಿರುವ ಮಾತ್ರೆ ಬಿಡಿ ಎನ್ನುತ್ತಾರೆಯೇ? ಮೂರನೆಯದಕ್ಕೆ "ಹೌದು" ಬಂದರೆ ಮಾತ್ರೆ ಬಿಡುವ ಮೊದಲು 104 ಆರೋಗ್ಯವಾಣಿಗೆ ಕರೆ ಮಾಡಿ ಕೇಳಲಿ.

ಒಂದು ಊರಿನಲ್ಲಿ ಸರಿಯಾದ ತಿಳಿವಳಿಕೆ ಇನ್ನೊಂದರಲ್ಲಿ ಕೆಡುಕಾಗುವುದೂ ಉಂಟು. "ನೀರು ಕುದಿಸಿ ಕುಡಿಯಿರಿ" ಎಂಬ ಪಾಠ ಎಲ್ಲರಿಗೂ ಬಾಯಿಪಾಠ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕೊಳವೆಬಾವಿಗಳಲ್ಲಿ, ಜಗಳೂರು ಕಡೆಯೂ, ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಲೀಟರಿಗೆ 1 ಮಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ ಎಂಬುದು ನಮ್ಮ ದೇಶದ ಮಾನದಂಡ. ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಕಂಡ ಊರಲ್ಲಿ ಹಲ್ಲುಜ್ಜುವ ಪಾಠ ಮಾಡಿ ಬಂದರೆ ಸಾಲದು, ಪಂಚಾಯಿತಿಯಿಂದ ನೀರಿನ ಪರೀಕ್ಷೆ ಮಾಡಿಸಿ, ಕುಡಿಯಲು ಮತ್ತು ಅಡುಗೆಗೆ ಶುದ್ಧ ನೀರಿನ ಘಟಕದ ನೀರೇ ಎಂದು ಹೇಳಿ. ಅಡುಗೆಗೆ ಕೊಳವೆಬಾವಿ ನೀರು ಹಾಕಿ ಕುಡಿಯಲು ಮಾತ್ರ ಘಟಕದ್ದು ತರುವ ಮನೆಗಳೇ ಹೆಚ್ಚು.

ಮನೆಮಾತು ಬೇರೆ ಇರುವ ಕಡೆ, ಲಂಬಾಣಿ ತಾಂಡಾ, ಮೊಳಕಾಲ್ಮೂರಿನ ತೆಲುಗು ಮನೆ, ದಾವಣಗೆರೆಯ ಉರ್ದು ಮಾತಾಡುವ ಓಣಿ, ಸಂತೆಯ ವ್ಯವಹಾರಕ್ಕೆ ಸಾಲುವಷ್ಟು ಕನ್ನಡ ಎಲ್ಲರಿಗೂ ಬರುತ್ತದೆ. ಹೊಟ್ಟೆನೋವು ಎಂಥದ್ದು, ಮುಟ್ಟು ಯಾವಾಗ ನಿಂತಿತು ಎಂದು ಹೇಳಲು ಅದು ಸಾಲದು. ಶಾಲೆಗೆ ಹೋಗುವ ಮಗುವನ್ನು ನಡುವೆ ಮಾತಿಗೆ ನಿಲ್ಲಿಸಬೇಡಿ: ತಾಯಿ ತನ್ನ ಗುಟ್ಟು ಮಗನ ಬಾಯಿಂದ ಹೇಳಿಸಲಾರಳು. ಅದೇ ಓಣಿಯ ಹಿರಿಯ ಹೆಂಗಸೊಬ್ಬರನ್ನು ಜೊತೆಗೆ ಕರೆದುಕೊಳ್ಳಿ.

ತೀರ್ಮಾನ ಯಾರದ್ದೋ ಅವರಿಗೇ ಹೇಳಬೇಕು. ಬಸುರಿಗೆ ಕಬ್ಬಿಣದ ಕೆಂಪು ಮಾತ್ರೆ ದಿನಕ್ಕೊಂದರಂತೆ 180 ದಿನ, ಹೆರಿಗೆಯ ನಂತರ ಇನ್ನೂ 180 ದಿನ. ಅವಳಿಗೆ ತಿಳಿದಿದ್ದರೂ "ಮಗು ದಪ್ಪ ಆಗಿ ಹೆರಿಗೆ ಕಷ್ಟ ಆಗುತ್ತೆ", "ಉಷ್ಣ" ಎಂದು ಅತ್ತೆ ತಡೆದರೆ ಮಾತ್ರೆ ಅಟ್ಟದಲ್ಲೇ ಉಳಿಯುತ್ತದೆ. ಅತ್ತೆಯನ್ನು ಕೂರಿಸಿಕೊಂಡು "ಅಮ್ಮಾ, ಮಲ ಕಪ್ಪಗೆ ಆಗುತ್ತೆ, ಹೆದರಬೇಡಿ, ಚಹಾದ ಜೊತೆ ಕೊಡಬೇಡಿ, ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಎರಡು ಗಂಟೆ ಬಿಡಿ" ಎಂದು ಕೆಲಸವನ್ನೇ ಅವರ ಕೈಗೆ ಕೊಡಿ. ಬಾಣಂತಿ ಮತ್ತು ಹಸುಗೂಸನ್ನು ಊರಾಚೆಯ ಗುಡಿಸಿಲಲ್ಲಿ ಇರಿಸುವ ರೂಢಿ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಇದೆ. ಅಲ್ಲಿ ಮಾತು ಆಡಬೇಕಾದ್ದು ಹಟ್ಟಿಯ ಹಿರಿಯರ ಜೊತೆ, ಗೌರವದಿಂದ, ಹೆರಿಗೆಗೆ ತಿಂಗಳು ಮೊದಲೇ. ಕೂಸು ತಣ್ಣಗಾದರೆ ಜೀವಕ್ಕೆ ಅಪಾಯ ಎಂಬುದನ್ನು ಮುಂದಿಟ್ಟು, ತಾಯಿ ಮಗು ಮನೆಯೊಳಗೇ ಇರಲಿ ಎಂದು ಕೇಳಿ. 3, 7, 14, 21, 28, 42ನೇ ದಿನದ ಆಶಾ ಭೇಟಿಯನ್ನು ಒಂದೂ ತಪ್ಪಿಸಬೇಡಿ.

ಚೀಟಿ ಬರೆಯುವುದು, ತಿರುಗಿ ಹೇಳಿಸುವುದು

ಅಕ್ಷರ ದಪ್ಪವಿರಲಿ, ಅಚ್ಚಿನಲ್ಲಾದರೆ 14 ಪಾಯಿಂಟಿಗೆ ಕಡಿಮೆ ಬೇಡ. ಕನ್ನಡದ ಒತ್ತಕ್ಷರ ಸಣ್ಣ ಅಚ್ಚಿನಲ್ಲಿ ಕಲೆಯಂತೆ ಕಾಣುತ್ತದೆ. ಅಂಕೆ 1, 2, 3 ಎಂದೇ ಬರೆಯಿರಿ, ಮಾತ್ರೆ ಹಾಳೆಯ ಮೇಲಿರುವುದೂ ಅವೇ. ಸೂರ್ಯನ ಚಿತ್ರ ಬೆಳಿಗ್ಗೆಯೋ ಮಧ್ಯಾಹ್ನವೋ ಸಂಜೆಯೋ ತಿಳಿಯದು. ರಾತ್ರಿಗೆ ಮಾತ್ರ ಚಂದ್ರನ ಚಿತ್ರ ಸಾಕು. ಓದು ಬಾರದವರಿಗೆ ಬೆಳಗಿನ ಮಾತ್ರೆಯ ಪೊಟ್ಟಣಕ್ಕೆ ಒಂದು ಗಂಟು, ರಾತ್ರಿಯದಕ್ಕೆ ಎರಡು ಗಂಟು ಹಾಕಿಸಿ. ಮಾತ್ರೆಯನ್ನು ಹಾಳೆಯಿಂದ ಬಿಡಿಸಿ ಡಬ್ಬಿಗೆ ಸುರಿಯಬೇಡಿ, ತಾರೀಕೂ ಹೆಸರೂ ಕಳೆದುಹೋಗುತ್ತವೆ. ಹಾಳೆಯ ಹಿಂದೆ ಕೆಂಪು ಗೆರೆ ಇರುವ ಮಾತ್ರೆಯನ್ನು ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದು. ಪಕ್ಕದ ಮನೆಯವರಿಗೆ ಎರಡು ಕೊಡುವುದೂ ಬೇಡ.

ಒಂದು ಸಲಕ್ಕೆ ಮೂರು ಸಂಗತಿಗಿಂತ ಹೆಚ್ಚು ಹೇಳಬೇಡಿ. ಹೇಳಿ ಮುಗಿಸಿ "ಗೊತ್ತಾಯ್ತಾ?" ಎಂದರೆ ಬರುವುದು "ಹೂನ್ರಿ" ಒಂದೇ, ಡಾಕ್ಟರ ಎದುರು ಇಲ್ಲ ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಹೊಣೆಯನ್ನು ನಿಮ್ಮ ಮೇಲೆ ಹಾಕಿಕೊಂಡು ಕೇಳಿ: "ಅಜ್ಜಾರೇ, ನಾನು ಸರಿಯಾಗಿ ಹೇಳಿದೆನೋ ಇಲ್ಲವೋ. ಮನೆಗೆ ಹೋದ ಮೇಲೆ ಸೊಸೆ 'ಏನಂದ್ರು' ಅಂತ ಕೇಳ್ತಾಳಲ್ಲ, ಅವಳಿಗೆ ಏನು ಹೇಳ್ತೀರಿ?" ತಪ್ಪಿದ್ದನ್ನು ಅದೇ ಮಾತಿನಲ್ಲಿ ಇನ್ನೊಮ್ಮೆ ಹೇಳಬೇಡಿ, ಮಾತು ಬದಲಿಸಿ ಅಥವಾ ಕೈಯಲ್ಲಿ ಮಾಡಿ ತೋರಿಸಿ, ಮತ್ತೆ ಹೇಳಿಸಿ. ಎರಡನೇ ಸಲವೂ ಬಾರದಿದ್ದರೆ ಒತ್ತಾಯ ಬೇಡ, ಆ ಮನೆಯಲ್ಲಿ ಔಷಧಿ ನೋಡಿಕೊಳ್ಳುವವರು ಯಾರೆಂದು ಕೇಳಿ ಅವರಿಗೆ ಫೋನ್ ಮಾಡಿಸಿ.

ಹದಿನೈದು ದಿನದ ಮೇಲೆ ಮನೆಗೆ ಹೋದಾಗ ಮಾತ್ರೆ ಎಣಿಸಿ. ದಿನಕ್ಕೆರಡರಂತೆ 30 ಕೊಟ್ಟಿದ್ದರೆ ಎರಡು ಮೂರು ಉಳಿದಿದ್ದರೆ ಸರಿ. ಹತ್ತು ಹನ್ನೆರಡು ಉಳಿದಿದ್ದರೆ ಯಾವ ಹೊತ್ತಿನದು ತಪ್ಪುತ್ತಿದೆ ಎಂದು ಕೇಳಿ. ಬೆಳಗಿನದಾದರೆ ಕೂಲಿಗೆ ಹೊರಡುವ ಅವಸರ, ಬುತ್ತಿ ಗಂಟಿನಲ್ಲೇ ಮಾತ್ರೆ ಕಟ್ಟಿಸಬಹುದು. ವಾರದಲ್ಲೇ ಖಾಲಿಯಾಗಿದ್ದರೆ ಬೈಯುವ ಮೊದಲು ಮನೆಯಲ್ಲಿ ಇನ್ಯಾರಿಗೆ ಅದೇ ಕಾಯಿಲೆ ಇದೆ ಎಂದು ವಿಚಾರಿಸಿ: ಗಂಡನ ಮಾತ್ರೆಯನ್ನು ಹೆಂಡತಿ ಹಂಚಿಕೊಂಡು ನುಂಗುತ್ತಿರಬಹುದು, ಅವಳ ಹೆಸರಲ್ಲಿ ಇನ್ನೂ ಆಸ್ಪತ್ರೆಯ ಕಾರ್ಡೇ ಆಗಿರುವುದಿಲ್ಲ.